ಎಣ್ಣೆ ಚೊಂಬಿನ ಭೋಜನ್

ಉದಕಮಂಡಲದ ಮೋಟಾರು ಶೆಡ್ಡಿನಲ್ಲಿ ಲಾಟೀನು ಇನ್ನೂ ಉರಿಯುತ್ತಿದೆ. ಹೊರಗೆ ಹುಲ್ಲಿನ ಮೇಲೆ ಹಿಮ ಉಪ್ಪು ಚೆಲ್ಲಿದ ಹಾಗೆ ಬಿದ್ದಿದೆ. ಮೈಸೂರಿಗೆ ಹೋಗುವ ಟಪಾಲು ಬಸ್ಸಿನ ಮುಂದಿನ ಮುಚ್ಚಳ ಎತ್ತಿ ಒಬ್ಬ ಮನುಷ್ಯ ಸೊಂಟದವರೆಗೂ ಎಂಜಿನ್ನಿನೊಳಗೆ ಬಗ್ಗಿದ್ದಾನೆ. ನಮಗೆ ಕಾಣುವುದು ತೇಪೆ ಹಾಕಿದ ಖಾಕಿ ಚಡ್ಡಿ, ಚಳಿಗೆ ಬಿಳಿಚಿಕೊಂಡ ಎರಡು ಕಾಲು, ಅಷ್ಟೇ. ಒಳಗಿನಿಂದ ಮಾತು ಮಾತ್ರ ಬರುತ್ತಿದೆ.

“ಬಾ ಎನ್ನಪ್ಪಾ, ಬಾ. ಒಂದು ಸುತ್ತು ಬಂದುಬುಡು, ಸಾಕು.”

ಅದು ಬರುವ ಹಾಗೆ ಕಾಣುತ್ತಿಲ್ಲ. ನಾನು ಟಿಕೀಟು ಕೊಂಡು, ಕಂಬಳಿ ಹೊದ್ದು, ಕಾಫಿಯಿಲ್ಲದೆ ಬೆಂಚಿನ ಮೇಲೆ ನಡುಗುತ್ತ ಕೂತವನು. ಮುಂಗೋಪ ನನ್ನ ಹುಟ್ಟುಗುಣ. ಎದ್ದು ಹೋಗಿ ಆ ಕಾಲುಗಳಿಗೇ ಕೇಳುತ್ತೇನೆ: “ಏನಯ್ಯಾ, ಈ ಬಸ್ಸು ಇವತ್ತು ಹೊರಡುತ್ತೋ, ಇಲ್ಲವೋ?”

ಕಾಲುಗಳು ಉತ್ತರ ಕೊಡುತ್ತವೆ: “ಹೊರಡೋದು ಏನು ದೊಡ್ಡದು ಸಾಮಿ. ಕೆಳಗೆ ಸೇರಬೇಕಲ್ಲ!”

ಸಂಪಾದಕರು ನನ್ನನ್ನು ಈ ಬೆಟ್ಟಕ್ಕೆ ಕಳಿಸಿದ್ದು ದೊರೆಗಳ ಹೂದೋಟದ ಬಗ್ಗೆ ಬರೆಯಲು. ಹೂವಿನ ವಿಷಯ ಇನ್ನಾರಾದರೂ ಬರೆಯಲಿ. ಈ ಭಾನುವಾರದ ಪುರವಣಿಯಲ್ಲಿ ನನ್ನ ಜಾಗವನ್ನು ಆ ಕಾಲುಗಳ ಯಜಮಾನನಿಗೆ ಬಿಟ್ಟುಕೊಡುತ್ತಿದ್ದೇನೆ. ಹೆಸರು ಭೋಜನ್. ಕುನ್ನೂರಿನ ಬಳಿಯ ಹುಬ್ಬತಲೈ ಹಟ್ಟಿಯ ಬಡಗರವನು. ಈ ಶೆಡ್ಡಿನ ನಾಲ್ಕು ಬಸ್ಸು, ಎರಡು ಲಾರಿಗಳ ಕೆಳಗೆ ಮಲಗಿ ಮಲಗಿ ಬೆನ್ನು ಸವೆಸಿಕೊಂಡವನು. ಬಸ್ಸಿನಲ್ಲಿ ಓಡಾಡುವವರಿಗೆ ಡ್ರೈವರ್ ಗೊತ್ತು, ಕಂಡಕ್ಟರ್ ಗೊತ್ತು. ಇವನ ಮುಖ ನೋಡಿದವರೇ ಕಡಿಮೆ.

ಆತ ತಲೆ ಹೊರಗೆ ತೆಗೆದಾಗ ನಾನೂ ನೋಡುತ್ತೇನೆ. ಮೂವತ್ತೈದರ ಆಸುಪಾಸು. ತಲೆಗೆ ಬಿಳಿ ಬಟ್ಟೆಯ ಮುಂಡಾಸು, ಆ ಶೆಡ್ಡಿನಲ್ಲಿ ಮಸಿ ತಾಗದ ವಸ್ತು ಅದೊಂದೇ. ಕೈಗಳನ್ನು ಮಾತ್ರ ಯಾಕೋ ಪದೇ ಪದೇ ಮೂಸಿ ನೋಡಿಕೊಳ್ಳುತ್ತಾನೆ.

ಬರಲೊಲ್ಲದೆ ಕಾಡುತ್ತಿರುವುದು ಎಂಜಿನ್ನಿನ ಪಕ್ಕಕ್ಕೆ ತಿರುಪಿ ಕೂರಿಸಿದ ಒಂದು ತಗಡಿನ ಡಬ್ಬಿ. ಕಂಪನಿಯವರು ಅದನ್ನು ಆಯಿಲ್ ಫಿಲ್ಟರು ಎನ್ನುತ್ತಾರೆ. ಶೆಡ್ಡಿನಲ್ಲಿ ಅದು ಎಣ್ಣೆ ಚೊಂಬು. ಎಂಜಿನ್ನಿನ ಎಣ್ಣೆ ಇದರೊಳಗೆ ಹಾದು, ಮಸಿ, ಕಬ್ಬಿಣದ ಪುಡಿ ಎಲ್ಲ ಕಳೆದುಕೊಂಡು ಶುದ್ಧವಾಗಿ ತಿರುಗಿ ಹೋಗುತ್ತದೆ. ನಿನ್ನೆ ಸಂಜೆ ಬಸ್ಸು ಬೆಟ್ಟ ಹತ್ತಿ ಬಂದಾಗ ಈ ಚೊಂಬಿನ ಬಾಯಲ್ಲಿ ಎಣ್ಣೆ ಜಿನುಗುತ್ತಿತ್ತು. ಹೊಸ ಚೊಂಬು ಶೆಡ್ಡಿನಲ್ಲಿದೆ, ಒಂದೇ ಒಂದು. ಹಳೆಯದು ಬಿಟ್ಟುಕೊಡದೆ ಹೊಸದನ್ನು ಕೂರಿಸುವುದು ಎಲ್ಲಿಗೆ?

“ಜಿನುಗಿದರೆ ಜಿನುಗಲಿ, ದಾರಿಯಲ್ಲಿ ಎಣ್ಣೆ ಹಾಕಿಕೊಂಡು ಹೋದರಾಯಿತು” ಎಂದೆ. ನನಗೆ ಮೋಟಾರಿನ ವಿಷಯ ಎಷ್ಟು ಗೊತ್ತು ಎನ್ನುವುದು ಇದರಲ್ಲೇ ತಿಳಿಯುತ್ತದೆ.

ಡ್ರೈವರ್ ಸುಬ್ಬ ನಕ್ಕುಬಿಟ್ಟ. “ಕಲ್ಲಟ್ಟಿ ಇಳಿಜಾರು ನೋಡಿದ್ದೀರಾ ಸಾಮಿ? ಅಲ್ಲಿ ಬ್ರೇಕು ಹೆಸರಿಗೆ. ಗಾಡಿನ ಹಿಡಿಯೋದು ಎಂಜಿನ್ನೇ, ಚಿಕ್ಕ ಗೇರಲ್ಲಿ ಇಳಿಸಬೇಕು. ಎಣ್ಣೆ ಸೋರಿ ಎಂಜಿನ್ ಒಣಗಿ ಹಿಡಕೊಂಡ್ತು ಅನ್ನಿ, ಹಿಂದಿನ ಚಕ್ರ ಕಟ್ಟಿ ಹಾಕಿದ ಹಾಗೆ ನಿಂತುಬಿಡ್ತದೆ. ಆಮೇಲೆ ಗಾಡಿ ನಾನು ತಿರುಗಿಸಿದ ಕಡೆ ಹೋಗಲ್ಲ, ಅದಕ್ಕೆ ಇಷ್ಟ ಬಂದ ಕಡೆ ಹೋಗ್ತದೆ.”

ಬಸ್ಸಿಗೆ ಯಾವ ಕಡೆ ಇಷ್ಟವಾಗಬಹುದು ಎಂದು ನಾನು ಕೇಳಲಿಲ್ಲ. ಕಾಫಿಯ ಆಸೆಯೂ ಒಂದು ಗಳಿಗೆ ಮಾಯವಾಯಿತು.

ಅಷ್ಟರಲ್ಲಿ ಮೇನೇಜರ್ ರಾಜೇಂದ್ರನ್ ಬರುತ್ತಾರೆ. ಕೊಯಮತ್ತೂರಿನವರು, ಕೆಟ್ಟವರಲ್ಲ, ಆದರೆ ಇವತ್ತು ಮುಖ ಸುಟ್ಟ ಬದನೆಕಾಯಿ. ಟಪಾಲು ಈ ತಿಂಗಳು ಆಗಲೇ ತಡವಾಗಿದೆಯಂತೆ. ಇನ್ನೊಮ್ಮೆ ತಡವಾದರೆ ಟಪಾಲಿನ ಗುತ್ತಿಗೆ ಬೇರೆ ಕಂಪನಿಗೆ ಹೋಗುತ್ತದೆ, ಅದು ಹೋದರೆ ಈ ದಾರಿಯಲ್ಲಿ ಬಸ್ಸೇ ಇಲ್ಲ.

“ಸೀಕ್ರಂ ಭೋಜಾ, ಬೇಗ! ಉಳಿ ತಗೊಂಡು ಆ ಡಬ್ಬಿಗೆ ಅಡ್ಡ ಹೊಡೆದು, ಆ ಉಳಿಯನ್ನೇ ಹಿಡಿದು ತಿರುಗಿಸಪ್ಪಾ. ಹಳೇ ಡಬ್ಬಿ ತಾನೇ, ಹಾಳಾದರೆ ಹೋಗಲಿ.”

“ಹಾಳಾದರೆ ಎನಗೂ ಬೇಜಾರಿಲ್ಲೆ. ತಗಡು ಹರಿದು ಮೈ ಮಾತ್ರ ಕೈಗೆ ಬಂದು, ಬಾಯಿ ಅಲ್ಲೇ ಕಚ್ಚಿಕೊಂಡು ಕೂತರೆ? ಆಗ ಹಳೆ ಚೊಂಬೂ ಇಲ್ಲೆ, ಹೊಸದಕ್ಕೆ ಜಾಗವೂ ಇಲ್ಲೆ. ಉಳಿ ಕಡೇ ಮಾತು ಸಾರ್.”

“ಕಡೇ ಮಾತು ನಾನು ಹೇಳ್ತೀನಿ. ಬಿಸಿಲು ಆ ಗೇಟಿಗೆ ಬರೋ ಹೊತ್ತಿಗೆ ಗಾಡಿ ಹೊರಗಿರಬೇಕು. ಇಲ್ಲದಿದ್ದರೆ ಉಳಿ ನಾನೇ ಹೊಡೀತೀನಿ. ನಾಳೆಯಿಂದ ನೀನು ಬರೋದೂ ಬೇಡ.”

ಗೇಟಿನಾಚೆ ದೊಡ್ಡ ನೀಲಗಿರಿ ಮರಗಳ ತುದಿಗೆ ಆಗಲೇ ಬೆಳಕು ತಾಗಿದೆ.

ಶೆಡ್ಡಿನ ಗೋಡೆಯ ಮೇಲೆ ಭೋಜನ್‌ನ ಆಯುಧಗಳು ಮೊಳೆಗೆ ನೇತು ಬಿದ್ದಿವೆ. ಒಂದೊಂದಕ್ಕೂ ಒಂದೊಂದು ಗುಣ. ಉದ್ದ ಹಿಡಿಯ ಕೊಳವೆ ಇಕ್ಕಳಕ್ಕೆ ಬಲವಿದೆ, ಕನಿಕರವಿಲ್ಲ, ತೆಳು ತಗಡನ್ನು ಹಪ್ಪಳ ಮಾಡುತ್ತದೆ. ಚೊಂಬಿನ ತಲೆಗೆ ಟೋಪಿಯ ಹಾಗೆ ಕೂರುವ ಕಬ್ಬಿಣದ ಬಟ್ಟಲು ಬಹಳ ಸಭ್ಯ, ಆದರೆ ಅದು ಲಾರಿಯ ಚೊಂಬಿನ ಅಳತೆಗೆ ಮಾಡಿದ್ದು, ಇಲ್ಲಿ ಗಡಗಡ ಅಲ್ಲಾಡುತ್ತದೆ. ಚರ್ಮದ ಪಟ್ಟಿ ಒಳ್ಳೆಯದೇ, ಎಣ್ಣೆ ಕುಡಿದು ಕುಡಿದು ಈಗ ಜಾರುತ್ತದೆ. ಸರಪಳಿ ಗಟ್ಟಿಯಾಗಿ ಹಿಡಿಯುತ್ತದೆ, ಹಿಡಿದಲ್ಲಿ ಕಚ್ಚುತ್ತದೆ. ಇವತ್ತು ಬೆಳಿಗ್ಗೆ ಅವಸರದಲ್ಲಿ ಭೋಜನ್ ಮೊದಲು ಕೈಹಾಕಿದ್ದು ಇದೇ ಸರಪಳಿಗೆ. ಚೊಂಬಿನ ಪಕ್ಕೆ ಒಳಕ್ಕೆ ಹೋಗಿ ಗುಳಿ ಬಿದ್ದಿದೆ.

“ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ ಸಾಮಿ, ಅದು ನಾನೇ” ಎನ್ನುತ್ತಾನೆ. ಗುಳಿಯ ಮೇಲೆ ಬೆರಳಾಡಿಸುತ್ತಾನೆ. “ಇನ್ನೊಂದು ಸಲ ಕಚ್ಚಿದರೆ ಹರೀತದೆ.”

ಅಲ್ಲಾ, ಕೈಯಲ್ಲಿ ತಿರುಪಿ ಕೂರಿಸಿದ ಡಬ್ಬಿ ಇಷ್ಟು ಬಿಗಿಯಾಗುವುದು ಹೇಗೆ? ಕೇಳಿದರೆ ಸುಬ್ಬ ಆ ಕಡೆ ಮುಖ ತಿರುಗಿಸಿ ನಗು ನುಂಗುತ್ತಾನೆ. ಭೋಜನ್ ತಲೆ ಕೆರೆದುಕೊಳ್ಳುತ್ತಾನೆ.

“ಬೆಣ್ಣೆ ಸಾಮಿ.”

“ಏನು?”

“ಬೆಣ್ಣೆ. ಚೊಂಬು ಕೂರಿಸೋ ಮುಂಚೆ ಅದರ ಬಾಯಿ ವಾಷರಿಗೆ ಒಂದು ಬೆರಳು ಎಂಜಿನ್ ಎಣ್ಣೆ ಸವರಬೇಕು. ಒಣಗಿದ್ದರೆ ವಾಷರು ತಿರುಚಿಕೊಳ್ತದೆ. ಹೋದ ಸಲ ಈ ಚೊಂಬು ಕೂರಿಸಿದ ದಿನ ಮನೆಯಿಂದ ಅವ್ವ ಬೆಣ್ಣೆ ಕಳಿಸಿದ್ದಳು. ನಮ್ಮನೇಲಿ ಹೊಸ ಮಡಕೆ, ಹೊಸ ಕತ್ತಿ, ಯಾವುದು ಬಂದರೂ ಮೊದಲು ಅದಕ್ಕೊಂದು ಬೊಟ್ಟು ಬೆಣ್ಣೆ. ಹೊಸ ಚೊಂಬು, ಮನೆ ಬೆಣ್ಣೆ... ಮನಸ್ಸು ಕೇಳಲಿಲ್ಲೆ. ಸವರಿಬುಟ್ಟೆ.”

ಎಂಜಿನ್ನಿನ ಕಾವಿಗೆ ಆ ಬೆಣ್ಣೆ ಕರಗಿ, ಕಾಯ್ದು, ಸೀದು, ಈಗ ಅಂಟಿನ ಹಾಗೆ ಗಟ್ಟಿಯಾಗಿದೆ. ವಾಷರು ಸುಟ್ಟು ಬಿರುಕು ಬಿಟ್ಟಿದ್ದರಿಂದಲೇ ಸೋರಿಕೆ. ಇಡೀ ಮೋಟಾರು ಲೋಕದಲ್ಲಿ ಎಂಜಿನ್ನಿಗೆ ಬೆಣ್ಣೆ ತಿನ್ನಿಸಿದವನು ಇವನೊಬ್ಬನೇ ಇರಬೇಕು. ನನಗೆ ನಗು ಬಂತು, ಕಲ್ಲಟ್ಟಿ ನೆನಪಾಗಿ ನಗು ನಿಂತಿತು.

ಅವನ ಮನೆಯ ಸಂಗತಿಯನ್ನು ಇಲ್ಲೇ ಹೇಳಬೇಕು. ಬಡಗರ ಮನೆಗಳಲ್ಲಿ ಹಾಲು, ಬೆಣ್ಣೆ ಇಡಲು ಒಳಗೊಂದು ಮಡಿಯ ಕೋಣೆ ಇರುತ್ತದೆ. ಹಾಗೊಟ್ಟು ಎನ್ನುತ್ತಾರೆ. ಅಲ್ಲಿ ಕಡೆಯುವ ಕೆಲಸ ಗಂಡಸರದು. ಭೋಜನ್ ಹುಡುಗನಾಗಿದ್ದಾಗಿನಿಂದ ಆ ಕೆಲಸ ಅವನದೇ ಆಗಿತ್ತು. ಆಮೇಲೆ ಘಾಟಿ ರಸ್ತೆಗೆ ಜಲ್ಲಿ ಹೊರಲು ಬಂದ, ಬಸ್ಸು ತೊಳೆಯಲು ನಿಂತ, ತೊಳೆಯುತ್ತ ತೊಳೆಯುತ್ತ ಕೆಳಗೆ ನುಗ್ಗಿ ನೋಡಿ ನೋಡಿ ಕೆಲಸ ಕಲಿತ. ಮೊದಲ ಸಲ ಎಣ್ಣೆ ನಾತದ ಕೈಯಲ್ಲಿ ಮನೆಗೆ ಹೋದ ದಿನ, ಅಪ್ಪ ಜೋಗಿ ಗೌಡರು ಹಾಗೊಟ್ಟಿನ ಬಾಗಿಲಲ್ಲಿ ಅಡ್ಡ ನಿಂತರು.

“‘ಈ ಕೈ ಹಾಲಿಗೆ ಬೇಡ, ನಾತ ಹೋದ ದಿನ ಬಾ’ ಅಂದ. ಬೈಯಲಿಲ್ಲೆ ಸಾಮಿ. ಬೈದಿದ್ದರೆ ಚೆನ್ನಾಗಿತ್ತು.”

ಆ ದಿನ ಇನ್ನೂ ಬಂದಿಲ್ಲ. ಹೋದ ವಾರ ಮನೆಯ ಎಮ್ಮೆ ಕರು ಹಾಕಿದೆ, ಬರುವ ಭಾನುವಾರ ಅದರ ಮೊದಲ ಬೆಣ್ಣೆ ತೆಗೆಯುತ್ತಾರೆ. ಈ ಸಲ ನಾನೇ ಕಡೆಯಬೇಕು ಎಂದು ಭೋಜನ್ ಹಠ ಹಿಡಿದು ದಿನವೂ ಬೂದಿ, ಸೀಗೆ, ನಿಂಬೆಸಿಪ್ಪೆ, ನೀಲಗಿರಿ ಸೊಪ್ಪು ಎಲ್ಲ ಹಾಕಿ ಕೈ ಉಜ್ಜುತ್ತಿದ್ದಾನೆ. ನಡುನಡುವೆ ಮೂಸಿ ನೋಡಿಕೊಳ್ಳುತ್ತಿದ್ದದ್ದು ಇದಕ್ಕೇ.

ಬಿಸಿಲು ಮರದ ತುದಿಯಿಂದ ನಡುವಿಗೆ ಇಳಿದಿದೆ. ರಾಜೇಂದ್ರನ್ ಉಳಿ ಸುತ್ತಿಗೆ ಕೈಗೆ ತೆಗೆದುಕೊಂಡು ನಿಂತಿದ್ದಾರೆ.

ಭೋಜನ್ ಸುತ್ತ ನೋಡುತ್ತಾನೆ. ಮೂಲೆಯ ಒಲೆಯ ಮೇಲೆ ನಮ್ಮೆಲ್ಲರ ಕಾಫಿಯ ನೀರು ಈಗಷ್ಟೇ ಮರಳುತ್ತಿದೆ. ಒಂದೇ ಹೆಜ್ಜೆಗೆ ಹೋಗಿ ಪಾತ್ರೆ ಎತ್ತಿಕೊಳ್ಳುತ್ತಾನೆ.

“ಏಯ್! ಅದು ಕಾಫಿಗೆ!” ಎಂದು ನಾನು ಕೂಗುತ್ತೇನೆ. ಆ ಹೊತ್ತಿನಲ್ಲೂ ಕೂಗಿದೆನಲ್ಲ, ಸುಳ್ಳು ಯಾಕೆ ಹೇಳಲಿ.

“ಬೆಣ್ಣೆ ಕರಗಬೇಕಲ್ಲ ಸಾಮಿ” ಎಂದು ಚೊಂಬಿನ ಬಾಯಿಯ ಸುತ್ತ ಧಾರೆಯಾಗಿ ಹೊಯ್ಯುತ್ತಾನೆ. ಹಬೆಯೆದ್ದು ಎಂಜಿನ್ ಕಾಣದಾಗುತ್ತದೆ. ಸೀದ ಬೆಣ್ಣೆಯ ವಾಸನೆ ಶೆಡ್ಡೆಲ್ಲ ಹರಡುತ್ತದೆ. ಆಮೇಲೆ ಚೊಂಬನ್ನು ಒರೆಸಿ, ಒಲೆಯ ಬೂದಿಯನ್ನು ಅದರ ಮೈಗೆಲ್ಲ ಉಜ್ಜಿ ಜಿಡ್ಡು ತೆಗೆಯುತ್ತಾನೆ. ಗೋಡೆಯ ಕಡೆಯ ಮೊಳೆಯಿಂದ ಒಂದು ಹಗ್ಗ ತೆಗೆದುಕೊಳ್ಳುತ್ತಾನೆ.

ನೋಡಿದರೆ ಅದು ಮಜ್ಜಿಗೆ ಕಡೆಯುವ ಹಗ್ಗ! ಬೆಟ್ಟದ ತುರುಚೆ ಗಿಡದ ನಾರಿನಿಂದ ಹೊಸೆದದ್ದು. ಮಗನನ್ನು ಹಾಲಿನ ಕೋಣೆಗೆ ಬಿಡದ ಜೋಗಿ ಗೌಡರು ತಾವೇ ಹೊಸೆದು ಕೊಟ್ಟದ್ದು.

“ಕಡೆಗೋಲಿಗೆ ಹಗ್ಗ ಸುತ್ತಿ ಎಳೆದರೆ ಕೋಲು ತಿರುಗ್ತದೆ, ಕೋಲಿಗೆ ಗಾಯ ಆಗ್ತದಾ? ಇಲ್ಲೆ. ಹಾಗೇ ಇದು. ಅಪ್ಪನ ಹತ್ತಿರ ಕೇಳಿದೆ. ‘ಎಣ್ಣೆಗೆ ಹೋದ ಹಗ್ಗ ತಿರುಗಿ ಹಾಲಿಗೆ ಬರದು, ತಿಳಿತಾ?’ ಅಂದ. ತಿಳಿತು ಅಂದೆ. ರಾತ್ರಿ ಕೂತು ಹೊಸೆದು ಕೊಟ್ಟ.”

ಹಗ್ಗವನ್ನು ಗುಳಿಗೆ ತಾಗದ ಹಾಗೆ, ಬಾಯಿಗೆ ಹತ್ತಿರದಲ್ಲಿ ಸುತ್ತುತ್ತಾನೆ. ತಗಡು ಗಟ್ಟಿಯಿರುವುದು ಅಲ್ಲೇ. ತುದಿಗೆ ಒಂದು ಮರದ ತುಂಡು ಕಟ್ಟಿ ಮೆಲ್ಲಗೆ ಎಳೆಯುತ್ತಾನೆ. ಚೊಂಬು ಅಲ್ಲಾಡುವುದಿಲ್ಲ. ಇನ್ನಷ್ಟು ಎಳೆಯುತ್ತಾನೆ. ಕತ್ತಿನ ನರ ಉಬ್ಬುತ್ತದೆ. ಹಗ್ಗದ ಒಂದು ಎಳೆ ಪಟ್ ಎಂದು ಹರಿಯುತ್ತದೆ.

“ಭೋಜಾ, ಬಿಸಿಲು ಗೇಟಿಗೆ ಬಂತು” ಎನ್ನುತ್ತಾರೆ ರಾಜೇಂದ್ರನ್. ಅವರ ದನಿಯೂ ಸಣ್ಣಗಾಗಿದೆ.

“ಬರಲಿ.”

ಇನ್ನೊಂದು ಎಳೆ ಹೋಗುತ್ತದೆ. ನಾನು ಸುಬ್ಬನ ತೋಳು ಹಿಡಿದುಕೊಂಡಿದ್ದೇನೆ, ಯಾವಾಗ ಹಿಡಿದೆನೋ ಗೊತ್ತಿಲ್ಲ. ಕೀಚ್ ಎಂದು ಒಂದು ಸದ್ದು. ಹಗ್ಗ ಜಾರಿದ ಸದ್ದೋ, ತಗಡು ಹರಿದ ಸದ್ದೋ ತಿಳಿಯುವುದಿಲ್ಲ. ಅದೇ ಕ್ಷಣಕ್ಕೆ ಹಗ್ಗ ಎರಡು ತುಂಡಾಗಿ ಭೋಜನ್ ಹಿಂದಕ್ಕೆ ಬೀಳುತ್ತಾನೆ.

ಆತ ಎದ್ದು ಬಂದು, ಬರಿಗೈಯಲ್ಲಿ ಚೊಂಬನ್ನು ಹಿಡಿಯುತ್ತಾನೆ. ತಿರುಗಿಸುತ್ತಾನೆ. ಚೊಂಬು ಸಲೀಸಾಗಿ ತಿರುಗಿ ಕೈಗೆ ಬರುತ್ತದೆ.

“ಅಬ್ಬಾ, ಶಿವನೇ!” ಎನ್ನುತ್ತಾರೆ ಮೇನೇಜರ್. ಉಳಿಯನ್ನು ಕಳ್ಳಮಾಲಿನ ಹಾಗೆ ಪೆಟ್ಟಿಗೆಯೊಳಗೆ ಹಾಕುತ್ತಾರೆ.

ಹೊಸ ಚೊಂಬಿನ ವಾಷರಿಗೆ ಈ ಸಲ ಎಂಜಿನ್ ಎಣ್ಣೆಯನ್ನೇ ಸವರುತ್ತಾನೆ. ಕೈಯಲ್ಲಿ ತಿರುಪುತ್ತಾನೆ, ವಾಷರು ತಾಗಿದ ಮೇಲೆ ಇನ್ನೊಂದು ಚೂರು. ಅಲ್ಲಿಗೆ ಮುಗಿಯಿತು. ಅಷ್ಟೊಂದು ಆಯುಧಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಇನ್ನೂ ಸ್ವಲ್ಪ ಬಿಗಿ ಮಾಡು ಮಾರಾಯ, ಸರಪಳಿ ಹಾಕು ಎಂದು ನಾನು ಗೋಗರೆಯುತ್ತೇನೆ.

“ತೆಗೆಯೋಕೆ ಆಯುಧ ಸಾಮಿ, ಕೂರಿಸೋಕೆ ಕೈ. ಆಯುಧಕ್ಕೆ ಎಷ್ಟು ಸಾಕು ಅಂತ ತಿಳಿಯದು. ಬಿಗಿದುಬುಟ್ಟರೆ ವಾಷರು ಸಾಯ್ತದೆ.”

ಬಸ್ಸು ಹೊರಡುತ್ತದೆ. ಭೋಜನ್ ಶೆಡ್ಡಿನಲ್ಲಿ ಉಳಿಯುವುದಿಲ್ಲ. ಎಂಜಿನ್ನಿನ ಆ ಪಕ್ಕದ ಮುಚ್ಚಳ ಕಳಚಿ ಬಸ್ಸಿನೊಳಗಿಟ್ಟು, ಮುಂದಿನ ಚಕ್ರದ ಮೇಲಿನ ತಗಡಿನ ಮೇಲೆ ಹತ್ತಿ ಕೂತು, ದೀಪದ ಕಂಬಿಗೆ ತನ್ನನ್ನು ಹೆಗಲ ವಲ್ಲಿಯಿಂದ ಕಟ್ಟಿಕೊಳ್ಳುತ್ತಾನೆ. ಚೊಂಬು ಕೂರಿಸಿದವನು ಅದರ ಜೊತೆ ಒಂದು ಸಲ ಬೆಟ್ಟ ಇಳಿಯಬೇಕು. ಈ ನಿಯಮ ಕಂಪನಿಯದಲ್ಲ, ಅವನದೇ.

ಕಲ್ಲಟ್ಟಿಯ ವಿಷಯ ನಾನು ವರ್ಣಿಸಲಾರೆ, ಬಹುಪಾಲು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗಲೆಲ್ಲ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಕೆಳಗೆ ಬಹಳ ಕೆಳಗೆ ಮಾವನಲ್ಲ ಎಂಬ ಊರಿನ ಕಾಡು. ಎಂಜಿನ್ ಗೋಳಾಡುತ್ತ ಬಸ್ಸನ್ನು ಹಿಡಿದು ಹಿಡಿದು ಇಳಿಸುತ್ತಿದೆ. ನನ್ನ ಪಕ್ಕದಲ್ಲಿ ಅದೇ ಊರಿನ, ಇರುಳರ ಬುಡಕಟ್ಟಿನ ಹೆಂಗಸು ಕೆಂಚಿ, ಮಡಿಲಲ್ಲಿ ಉಪ್ಪಿನ ಗಂಟು. ಅವಳು ನನ್ನನ್ನು ನೋಡಿ, “ಬಿಗಿಯಾ ಹಿಡ್ಕ ಸಾಮಿ, ಕಣ್ಣು ಮುಚ್ಚಿದರೆ ಬೆಟ್ಟ ಸಣ್ಣದಾಗುತ್ತಾ?” ಎಂದು ಅಣಕಿಸುತ್ತಾಳೆ.

ಅತಿ ಕಡಿದಾದ ತಿರುವಿನ ಮೇಲೆ ಭೋಜನ್ ತಗಡನ್ನು ಪಟಪಟ ಬಡಿಯುತ್ತಾನೆ. ಸುಬ್ಬ ಬ್ರೇಕಿನ ಮೇಲೆ ನಿಂತೇಬಿಡುತ್ತಾನೆ. ಬಸ್ಸು ಜಾರಿ, ಜಾರಿ, ಅಂಚಿನ ಕಲ್ಲುಸಾಲಿನ ಹತ್ತಿರ ನಿಲ್ಲುತ್ತದೆ. ಎಲ್ಲರಿಗಿಂತ ಮೊದಲು ಧುಮುಕಿ ಚಕ್ರದ ಮುಂದೆ ಕಲ್ಲಿಟ್ಟವಳು ಕೆಂಚಿ.

ಚೊಂಬಿನ ಬಾಯಲ್ಲಿ ಎಣ್ಣೆಯ ಹನಿ. ಭೋಜನ್ ಒರೆಸುತ್ತಾನೆ, ಮತ್ತೆ ಒಂದು ಹನಿ ಮೂಡುತ್ತದೆ.

“ಬಿಸಿಗೆ ವಾಷರು ಕುಗ್ಗಿ ಕೂತುಕೊಂಡಿದೆ. ಚೊಂಬು ಇನ್ನೊಂದು ಚೂರು ತಿರುಗಬೇಕು.”

ಸುಬ್ಬ ಬಸ್ಸಿನಲ್ಲಿ ಹಾಕಿಕೊಂಡು ಬಂದಿದ್ದ ಸರಪಳಿ ತಂದು ಚಾಚುತ್ತಾನೆ. ಭೋಜನ್ ಬೇಡವೆಂದು ತಲೆಯಾಡಿಸುತ್ತಾನೆ. ಹೊಸ ಚೊಂಬಿಗೆ ಗುಳಿ ಬಿದ್ದರೆ ಇಲ್ಲಿ ಗತಿಯಿಲ್ಲ. ವಲ್ಲಿ ಸುತ್ತಿ ಹಿಡಿದು ನೋಡುತ್ತಾನೆ, ಎಣ್ಣೆಗೆ ಜಾರುತ್ತದೆ. ವಲ್ಲಿ ಬಿಸಾಡಿ, ತನ್ನ ಎರಡು ಅಂಗೈಗಳನ್ನೂ ಒಮ್ಮೆ ನೋಡಿಕೊಳ್ಳುತ್ತಾನೆ. ಅಷ್ಟು ದಿನ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿಕೊಂಡ ಅಂಗೈಗಳು.

“ಅಣ್ಣೋ, ಸುಡ್ತದೆ!” ಎಂದು ಕೆಂಚಿ ಕಿರುಚುತ್ತಾಳೆ.

ಆತ ಆಗಲೇ ಬರಿಗೈಯಲ್ಲಿ ಚೊಂಬನ್ನು ತಬ್ಬಿ ಹಿಡಿದಿದ್ದಾನೆ. ಹಲ್ಲು ಕಚ್ಚಿ ತಿರುಗಿಸುತ್ತಾನೆ. ಚೊಂಬು ಒಂದು ಚೂರು ತಿರುಗಿ ನಿಲ್ಲುತ್ತದೆ. ಕೈ ಬಿಟ್ಟಾಗ ಅಂಗೈ ಕೆಂಪಗೆ, ಬೆರಳ ಸಂದಿಯಿಂದ ಮಣಿಕಟ್ಟಿನವರೆಗೂ ಕಪ್ಪು ಎಣ್ಣೆ. ನೋಡಲಾರದೆ ನಾನು ಮುಖ ತಿರುಗಿಸಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಬಂತು ಎಂದೇ ಬರೆಯುತ್ತೇನೆ.

ಬಸ್ಸು ಮತ್ತೆ ಇಳಿಯುತ್ತದೆ. ಈ ಸಲ ನಾನು ಕಣ್ಣು ಮುಚ್ಚುವುದಿಲ್ಲ, ಚೊಂಬನ್ನು ಬಗ್ಗಿ ನೋಡುತ್ತಿರುವ ಆ ಬೆನ್ನನ್ನೇ ನೋಡುತ್ತ ಕೂರುತ್ತೇನೆ. ತಿರುವಿನ ಮೇಲೆ ತಿರುವು ಕಳೆದು, ರಸ್ತೆ ನೆಟ್ಟಗಾಗಿ, ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿದಾಗ ಸುಬ್ಬ ಬಸ್ಸು ನಿಲ್ಲಿಸುತ್ತಾನೆ. ಮಾವನಲ್ಲ ಬಂದಿದೆ.

ಭೋಜನ್ ಇಳಿದು ತಲೆಯ ಬಿಳಿ ಮುಂಡಾಸು ಬಿಚ್ಚುತ್ತಾನೆ. ಅದರ ತುದಿಯಿಂದ ಚೊಂಬಿನ ಬಾಯಿಯ ಸುತ್ತ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಬಟ್ಟೆ ಬೆಳ್ಳಗೇ ಇದೆ, ಎಣ್ಣೆಯ ಗುರುತಿಲ್ಲ. ಮುಂಡಾಸು ಮಾತ್ರ ಯಾಕೆ ಮಸಿಯಾಗಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

“ಆತು. ಹೋಗಿ ಬಾ ಸುಬ್ಬಾ” ಎಂದು ಮುಚ್ಚಳ ಹಾಕುತ್ತಾನೆ. ಕೆಂಚಿ ಓಡಿ ಹೋಗಿ ಯಾವುದೋ ಸೊಪ್ಪು ಕಿತ್ತು ತಂದು, ಅರೆದು, ಬೈಯುತ್ತ ಬೈಯುತ್ತ ಅವನ ಅಂಗೈಗೆ ಮೆತ್ತುತ್ತಾಳೆ. ಮೇಲಕ್ಕೆ ಹೋಗುವ ಲಾರಿ ಬರುವವರೆಗೆ ಆತ ಇಲ್ಲೇ ಕಾಯಬೇಕು, ಬರದಿದ್ದರೆ ನಡೆಯಬೇಕು.

ಹೊರಡುವ ಮುಂಚೆ ಕೇಳುತ್ತೇನೆ: “ಭೋಜನ್, ನಿನಗೇನು ಬೇಕಯ್ಯಾ? ಪತ್ರಿಕೆಯಲ್ಲಿ ಬರೆಯುತ್ತೇನೆ. ದೊಡ್ಡವರು ಓದುತ್ತಾರೆ.”

“ಅಪ್ಪ ಓದೋದಿಲ್ಲೆ ಸಾಮಿ” ಎಂದು ನಗುತ್ತಾನೆ. “ಹಗ್ಗ ಹರಿಯಿತು ಅಂತ ಹೇಳಬೇಕು. ಬೈತಾನೆ. ಬೈದುಕೊಂಡೇ ಇನ್ನೊಂದು ಹೊಸೀತಾನೆ. ಅದೊಂದು ಕೊಟ್ಟರೆ ಸಾಕು.”

ಆಮೇಲೆ ಸ್ವಲ್ಪ ಹಿಂಜರಿದು, ಸೊಪ್ಪು ಮೆತ್ತದ ಬೆರಳುಗಳನ್ನು ನನ್ನ ಮುಖದ ಹತ್ತಿರ ತರುತ್ತಾನೆ. “ಸಾಮಿ, ಮೂಸಿ ನೋಡಿ ಹೇಳಿ. ನಾತ ಇದೆಯಾ?”

ಮೂಸಿದೆ. ಎಣ್ಣೆ, ಪೆಟ್ರೋಲು, ಸುಟ್ಟ ಚರ್ಮ. ಭಾನುವಾರದೊಳಗೆ ಹೋಗುವ ನಾತವಲ್ಲ ಅದು. ಇಲ್ಲ ಎಂದುಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಅವನ ಮುಖ ನೋಡಿ ಸುಳ್ಳು ಹೊರಡಲಿಲ್ಲ.

“ಇದೆ.”

ಭೋಜನ್ ತಲೆಯಾಡಿಸುತ್ತಾನೆ. ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ಇಣುಕುತ್ತಿರುವ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಾನೆ. ಕೈಯನ್ನು ತಾನೇ ಇನ್ನೊಮ್ಮೆ ಮೂಸಿಕೊಳ್ಳುತ್ತಾನೆ.

“ಇರಲಿ ಬಿಡಿ ಸಾಮಿ. ನೀವೆಲ್ಲಾ ಕೆಳಗೆ ಸೇರಿದ ನಾತ ಅದು.”